ಹುಳಿಗೆ ಕಾಸು, ಅನ್ನ ಬಿಟ್ಟಿ

ಅಮೆರಿಕದ ಸನ್ನಿವೇಲಿನಲ್ಲಿ ಶೈಲಜಾ ನಡೆಸುತ್ತಿದ್ದ ಊಟದ ವ್ಯಾಪಾರದಲ್ಲಿ ಒಂದು ವಿಚಿತ್ರವಿತ್ತು. ಹುಳಿಗೆ ದುಡ್ಡು, ಪಲ್ಯಕ್ಕೆ ದುಡ್ಡು, ಚಪಾತಿಗೆ ಎಣಿಸಿ ದುಡ್ಡು. ಅನ್ನಕ್ಕೆ ಮಾತ್ರ ಇಲ್ಲ. ಡಬ್ಬಿ ತಂದವರು ಎಷ್ಟು ಬೇಕಾದರೂ ಹಾಕಿಸಿಕೊಂಡು ಹೋಗಬಹುದಾಗಿತ್ತು. ಹೊಸಬರು ಯಾರಾದರೂ ಅನ್ನಕ್ಕೆಷ್ಟು ಎಂದು ಕೇಳಿದರೆ, ಬಾಗಿಲ ಪಕ್ಕದಲ್ಲಿ ಪಾತ್ರೆ ಇಟ್ಟುಕೊಂಡು ಸ್ಟೂಲಿನ ಮೇಲೆ ಕೂತಿರುತ್ತಿದ್ದ ಅವಳ ಅತ್ತೆ ನರಸಮ್ಮನವರು, ಯಾರೋ ತಮ್ಮ ಮನೆತನದ ಮೇಲೆ ಕೆಟ್ಟ ಮಾತಾಡಿದರೇನೋ ಎಂಬಂತೆ ಮುಖ ಮಾಡುತ್ತಿದ್ದರು.

ಇದರ ಕಾರಣ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಶೈಲಜಾ ಮೈಸೂರಿನವಳು, ಬಿ.ಎಸ್ಸಿ. ಓದಿದವಳು. ಶೇಷಾದ್ರಿಯನ್ನು ಮದುವೆಯಾಗಿ ಬೇ ಏರಿಯಾಕ್ಕೆ ಬಂದದ್ದು ಎಂಬತ್ತೆಂಟನೇ ಇಸವಿಯಲ್ಲಿ. ಎರಡು ವರ್ಷ ಬಾಡಿಗೆ ಮನೆ, ಆಮೇಲೆ ಸ್ವಂತ ಮನೆ ಎಂದು ಗಂಡ ವಿಮಾನದಲ್ಲೇ ಹೇಳಿದ್ದ. ಅವನು ಸುಳ್ಳು ಹೇಳುವ ಮನುಷ್ಯನಲ್ಲ. ಆದರೆ ಆ ಎರಡು ವರ್ಷ ಮುಗಿಯುವುದರೊಳಗೆ ದೊಡ್ಡ ತಂಗಿಯ ಮದುವೆ ಬಂತು. ಆಮೇಲೆ ಚಿಕ್ಕ ತಂಗಿಯದು, ತಮ್ಮನ ಇಂಜಿನಿಯರಿಂಗ್ ಸೀಟು, ತಂದೆಯ ಹೃದಯದ ಆಪರೇಷನ್ನು, ಅದು ಮುಗಿದು ಸ್ವಲ್ಪ ಸಮಯಕ್ಕೆ ತಂದೆಯ ಕರ್ಮಾಂತರ. ಎಲ್ಲರನ್ನೂ ಒಂದು ದಡ ಮುಟ್ಟಿಸಿ ಗಂಡ ಹೆಂಡತಿ ತಲೆಯೆತ್ತಿ ನೋಡುವ ಹೊತ್ತಿಗೆ ಸನ್ನಿವೇಲಿನ ಮನೆಗಳ ಬೆಲೆ ಕಣ್ಣಿಗೂ ಕಾಣದಷ್ಟು ಮೇಲೆ ಹೋಗಿತ್ತು. ಅವರು ಅದೇ ಎರಡು ರೂಮಿನ ಅಪಾರ್ಟ್‌ಮೆಂಟಿನಲ್ಲಿದ್ದರು. ಒಂದರಲ್ಲಿ ಗಂಡ ಹೆಂಡತಿ. ಇನ್ನೊಂದರಲ್ಲಿ ಮಗಳು ಇಂಚರಾ, ಜೊತೆಗೆ ಶೇಷಾದ್ರಿ ಸಿಟಿಜನ್ ಆದ ಮೇಲೆ ಕರೆಸಿಕೊಂಡ ಅವನ ತಾಯಿ ನರಸಮ್ಮನವರು.

ತೊಂಬತ್ತೊಂಬತ್ತರಲ್ಲಿ ಶೇಷಾದ್ರಿಗೆ ತಡೆಯಲಾಗಲಿಲ್ಲ. ಸುತ್ತಮುತ್ತಲಿನವರೆಲ್ಲ ಸಾಹುಕಾರರಾಗುತ್ತಿದ್ದರು. ದೇವಸ್ಥಾನದಲ್ಲಿ ಪ್ರಸಾದದ ಸಾಲಿನಲ್ಲಿ ನಿಂತವರು ಪುಳಿಯೋಗರೆ ಹೇಗಿದೆ ಎಂದು ಮಾತಾಡುವುದು ಬಿಟ್ಟು ಷೇರು ಹೇಗಿದೆ ಎಂದು ಮಾತಾಡುತ್ತಿದ್ದರು. ಅವನು ಸಾಂಟಾ ಕ್ಲಾರಾದ ಚಿಪ್ ಕಂಪನಿಯ ಗಟ್ಟಿ ಕೆಲಸ ಬಿಟ್ಟು ಇಂಟರ್ನೆಟ್ಟಿನ ಒಂದು ಹೊಸ ಕಂಪನಿ ಸೇರಿದ. ಅರ್ಧ ಸಂಬಳ, ಮಿಕ್ಕಿದ್ದಕ್ಕೆ ಕಂಪನಿಯ ಷೇರನ್ನು ಅಗ್ಗದಲ್ಲಿ ಕೊಳ್ಳುವ ಹಕ್ಕು. ಕಂಪನಿಯ ಕೆಲಸವೆಂದರೆ ಜನರಿಗೆ ಅವರವರ ನೆಂಟರಿಷ್ಟರ ಹುಟ್ಟಿದ ಹಬ್ಬ, ಮದುವೆಯ ದಿನ ಇವನ್ನೆಲ್ಲ ನೆನಪಿಸುವುದು. ಹೆಂಡತಿಯ ಹುಟ್ಟಿದ ಹಬ್ಬ ಮರೆಯುವ ಗಂಡಸರು ಪ್ರಪಂಚದಲ್ಲಿ ಎಷ್ಟು ಕೋಟಿ ಇದ್ದಾರೆ ಎಂಬುದನ್ನು ಲೆಕ್ಕ ಹಾಕಿ ಯಾರೋ ದೊಡ್ಡ ಮನುಷ್ಯರು ಅದಕ್ಕೆ ದುಡ್ಡು ಹೂಡಿದ್ದರು. ಆ ವರ್ಷ ಶೇಷಾದ್ರಿ ರಾತ್ರಿ ಹಗಲು ಆ ಕೆಲಸದಲ್ಲೇ ಮುಳುಗಿದ್ದುದರಿಂದ ಶೈಲಜಾಳ ಹುಟ್ಟಿದ ಹಬ್ಬ ಅವನಿಗೆ ಮರೆತುಹೋಯಿತು.

"ಜ್ಞಾಪಿಸೋದಕ್ಕೆ ಎಷ್ಟು ತಗೋತೀರಿ?" ಎಂದು ಶೈಲಜಾ ಕೇಳಿದಳು.

"ಏನೂ ತಗೊಳಲ್ಲ. ಫ್ರೀ," ಎಂದ ಶೇಷಾದ್ರಿ. "ಮೊದಲು ಜನ ಬರಬೇಕು ಶೈಲಾ. ಜನ ಬಂದ್ರೆ ದುಡ್ಡು ತಾನಾಗೇ ಬರುತ್ತೆ."

ಕಾಫಿ ಕುಡಿಯುತ್ತಿದ್ದ ನರಸಮ್ಮನವರು ಲೋಟ ಕೆಳಗಿಟ್ಟರು. "ಜನ ಬಂದ್ರೆ ಖರ್ಚು ಬರುತ್ತೆ ಕಣೋ. ನಮ್ಮನೇಲಿ ಯಾವಾಗ್ಲೂ ಹಾಗೇ ಆಗಿರೋದು."

ಅವರ ಮಾತನ್ನು ಯಾರೂ ಮನಸ್ಸಿಗೆ ಹಾಕಿಕೊಳ್ಳಲಿಲ್ಲ. ಶೇಷಾದ್ರಿ ಮನೆ ಕೊಳ್ಳಲೆಂದು ಕೂಡಿಟ್ಟಿದ್ದ ದುಡ್ಡನ್ನೆಲ್ಲ ತೆಗೆದು ಕಂಪನಿಯ ಷೇರು ಕೊಂಡ. ಮುಂದಿನ ವರ್ಷ ಕಂಪನಿ ಷೇರು ಮಾರುಕಟ್ಟೆಗೆ ಬರುತ್ತದೆ, ಆಗ ಇದೇ ದುಡ್ಡಿನಲ್ಲಿ ಒಂದಲ್ಲ ಎರಡು ಮನೆ ಎಂದ. ಅಲ್ಲಿಯವರೆಗೆ ಅರ್ಧ ಸಂಬಳದಲ್ಲಿ ಸಂಸಾರ. ಅದೇ ಸಮಯಕ್ಕೆ ಅಪಾರ್ಟ್‌ಮೆಂಟಿನ ಮ್ಯಾನೇಜರ್ ಬಾಡಿಗೆ ಏರಿಸಿದಳು. ಆರು ತಿಂಗಳು ಬಿಟ್ಟು ಮತ್ತೆ ಏರಿಸಿದಳು. ಇಷ್ಟವಿಲ್ಲದಿದ್ದರೆ ಬಿಡಬಹುದು, ಹೊರಗೆ ಇಪ್ಪತ್ತು ಜನ ಕಾದಿದ್ದಾರೆ ಎಂದು ನಗುನಗುತ್ತಲೇ ಹೇಳಿದಳು. ಕಾದಿದ್ದದ್ದು ನಿಜವೇ ಆಗಿತ್ತು.

ಆಗ ಸಹಾಯಕ್ಕೆ ಬಂದದ್ದು ಹುಳಿ. ಆ ಕಾಂಪ್ಲೆಕ್ಸಿನಲ್ಲಿ ಒಂದೊಂದು ಮನೆಯಲ್ಲಿ ನಾಲ್ಕೈದು ಹುಡುಗರಂತೆ ನಮ್ಮ ಕಡೆಯ ಇಂಜಿನಿಯರುಗಳು ತುಂಬಿದ್ದರು. ಅವರಲ್ಲಿ ಚೆಲುವರಾಜು ಎಂಬ ಮಂಡ್ಯದ ಹುಡುಗ ಒಂದು ಶನಿವಾರ ಬಾಗಿಲು ತಟ್ಟಿದ.

"ಆಂಟಿ, ತಪ್ಪು ತಿಳ್ಕೋಬೇಡಿ. ನಿಮ್ಮನೆ ಹುಳಿ ವಾಸ್ನೆ ಲಾಂಡ್ರಿ ರೂಮ್‌ಗಂಟ ಬತ್ತದೆ. ಬಟ್ಟೆ ಒಗ್ಯಕ್ಕೆ ಅಂತ ಬಂದು ಸುಮ್ನೆ ನಿಂತ್ಕಂಬುಡ್ತೀವಿ. ದಿನಾ ಒಸಿ ನಮಗೂ ಮಾಡ್ಕೊಡಿ, ದುಡ್ಡು ಕೊಡ್ತೀವಿ."

ಶೈಲಜಾಗೆ ಕುಣಿಯುವಷ್ಟು ಖುಷಿಯಾಯಿತು. ಡೇಕೇರಿನಲ್ಲಿ ಕಂಡವರ ಮಕ್ಕಳ ಮೂಗು ಒರೆಸಿ ಅವಳಿಗೆ ಸಿಗುತ್ತಿದ್ದುದಕ್ಕಿಂತ ಇದು ಎಷ್ಟೋ ಮೇಲು. ಆದರೆ ಒಳಗಿನಿಂದ ನರಸಮ್ಮನವರ ದನಿ ಕೇಳಿಸಿತು.

"ಹುಡುಗರಿಗೆ ಬೇಕಾದ್ರೆ ದಿನಾ ಊಟಕ್ಕೆ ಹಾಕು. ದುಡ್ಡು ತಗೋಬೇಡ. ಅನ್ನ ಮಾರಬಾರದು."

"ಹೋಟೆಲಿನವರು ಮಾರಲ್ವೇನಮ್ಮ?"

"ಅದಕ್ಕೇ ಅವರು ವಯಸ್ಸಾದ ಮೇಲೆ ಛತ್ರ ಕಟ್ಟಿಸೋದು. ನಿನ್ನ ಹತ್ರ ಛತ್ರ ಕಟ್ಟಿಸೋಷ್ಟು ದುಡ್ಡಿದ್ಯಾ?"

ಇಲ್ಲ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಎರಡು ದಿನ ಮನೆಯಲ್ಲಿ ಇದೇ ಮಾತು. ನರಸಮ್ಮನವರು ಜಗಳ ಆಡುವವರಲ್ಲ. ಅನ್ನ ಮಾರಿದ ಮನೆ ಏಳಿಗೆಯಾಗುವುದಿಲ್ಲ ಎಂದು ಒಂದೇ ಮಾತನ್ನು ಒಂದೇ ದನಿಯಲ್ಲಿ ಹೇಳುತ್ತಿದ್ದರು. ಕೊನೆಗೆ ದಾರಿ ಹುಡುಕಿದವನು ಶೇಷಾದ್ರಿ. ಹಗಲೆಲ್ಲ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವವನಿಗೆ ಶಾಸ್ತ್ರದಲ್ಲಿ ಸಂದು ಹುಡುಕುವುದು ಕಷ್ಟವಾಗಲಿಲ್ಲ.

"ಅನ್ನ ತಾನೇ ಮಾರಬಾರದು? ಹುಳಿ ಮಾರಬಾರದು ಅಂತ ಎಲ್ಲಿದೆ? ಹುಳಿಗೆ, ಪಲ್ಯಕ್ಕೆ, ಚಪಾತಿಗೆ ರೇಟು ಹಾಕೋಣ. ಅನ್ನ ಅಮ್ಮನ ಕೈಯಿಂದ ದಾನ."

ನರಸಮ್ಮನವರು ಸ್ವಲ್ಪ ಹೊತ್ತು ಯೋಚಿಸಿ ಒಪ್ಪಿದರು. ಒಪ್ಪಿದ್ದಷ್ಟೇ ಅಲ್ಲ, ಮರುದಿನದಿಂದ ಸ್ಟೂಲು ಹಾಕಿಕೊಂಡು ಕೂತರು. ಅಮೆರಿಕಕ್ಕೆ ಬಂದ ಮೇಲೆ ಅವರಿಗೆ ಸಿಕ್ಕಿದ ಮೊದಲ ಕೆಲಸ ಅದು. ಸಂಜೆ ಏಳಕ್ಕೆ ಹುಡುಗರು ಡಬ್ಬಿ ಹಿಡಿದು ಸಾಲಾಗಿ ಬರುತ್ತಿದ್ದರು. ಶೈಲಜಾ ಹುಳಿ ಪಲ್ಯ ಹಾಕಿ ದುಡ್ಡು ತೆಗೆದುಕೊಂಡರೆ, ನರಸಮ್ಮನವರು ಅನ್ನ ಹಾಕಿ ಊರು, ಕೇರಿ, ಮದುವೆ ಯಾವಾಗ ಎಂದು ವಿಚಾರಿಸುತ್ತಿದ್ದರು. ಕಡಿಮೆ ಅನ್ನ ಹಾಕಿಸಿಕೊಂಡವರನ್ನು ಗದರಿಸಿ ಇನ್ನೊಂದು ಸೌಟು ಹಾಕುತ್ತಿದ್ದರು. ಅನ್ನದ ಬೆಲೆಯನ್ನು ಶೈಲಜಾ ಹುಳಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ಸೇರಿಸಿದ್ದಳು ಎಂಬುದು ಗಂಡ ಹೆಂಡತಿಗೆ ಮಾತ್ರ ಗೊತ್ತಿತ್ತು. ದೇವರಿಗೂ ಗೊತ್ತಿರಬಹುದು, ಅವನೇನೂ ತಕರಾರು ಮಾಡಲಿಲ್ಲ.

ಒಂದು ವರ್ಷ ಚೆನ್ನಾಗಿ ನಡೆಯಿತು. ಹುಡುಗರು ಚಿಲ್ಲರೆ ವಾಪಸು ಕೇಳುತ್ತಿರಲಿಲ್ಲ. ಆಫೀಸಿನ ಪಾರ್ಟಿಗೆಂದು ಬಕೆಟ್ಟುಗಟ್ಟಲೆ ಬಿಸಿಬೇಳೆ ಹುಳಿಯನ್ನ ಹೇಳುತ್ತಿದ್ದರು. (ಬಿಸಿಬೇಳೆಯಲ್ಲಿ ಅನ್ನ ಕಲೆತುಹೋಗಿರುತ್ತದಲ್ಲ, ಅದಕ್ಕೆ ದುಡ್ಡು ತೆಗೆದುಕೊಳ್ಳಬಹುದೇ ಎಂಬ ಪ್ರಶ್ನೆ ಬಂದಿತ್ತು. ಅಕ್ಕಿ ಹುಳಿಯೊಳಗೇ ಬೆಂದರೆ ಅದು ಹುಳಿಯೇ ಎಂದು ನರಸಮ್ಮನವರು ತೀರ್ಪು ಕೊಟ್ಟರು. ವ್ಯವಹಾರ ತಿಳಿಯದ ಹೆಂಗಸೇನಲ್ಲ.) ಬಾಡಿಗೆ ಸರಿಯಾಗಿ ಹೋಗುತ್ತಿತ್ತು. ಭಾನುವಾರ ಎಲ್ಲರೂ ಹಳೆಯ ಕಾರಿನಲ್ಲಿ ಸ್ವಲ್ಪ ದೂರದ ಪ್ಲೆಸೆಂಟನ್ನಿಗೆ ಹೋಗಿ, ಮಾರಾಟಕ್ಕಿದ್ದ ಮನೆಗಳನ್ನು ನೋಡಿಕೊಂಡು ಬರುತ್ತಿದ್ದರು. ಅಂಥ ಮನೆಗಳಲ್ಲಿ ನೋಡಲು ಬಂದವರಿಗೆಂದು ಬಿಸ್ಕತ್ತು ಇಟ್ಟಿರುತ್ತಿದ್ದರು. ಶೇಷಾದ್ರಿ ಒಂದು ಬಿಸ್ಕತ್ತು ಕಚ್ಚಿಕೊಂಡು, ಈ ಗೋಡೆ ಒಡೆಸಬೇಕು, ಇಲ್ಲಿ ದೇವರ ಮನೆ ಎಂದು ಕೊಂಡವನ ಹಾಗೇ ಮಾತಾಡುತ್ತಿದ್ದ. ಕಾಗದದ ಮೇಲೆ ಅವನು ಆಗ ಲಕ್ಷಾಧೀಶ. ಬಿಸ್ಕತ್ತು ತಿನ್ನಲು ಅಷ್ಟು ಸಾಕಾಗಿತ್ತು.

ಎರಡು ಸಾವಿರದ ಒಂದನೇ ಇಸವಿಯ ಆರಂಭದಲ್ಲಿ ಕಂಪನಿ ಮುಚ್ಚಿತು. ನೆನಪಿಸಿಕೊಳ್ಳಲು ಜನ ಬಂದಿದ್ದರು, ಲಕ್ಷಗಟ್ಟಲೆ ಬಂದಿದ್ದರು. ದುಡ್ಡು ತಾನಾಗೇ ಬರುವುದೊಂದು ಬಾಕಿಯಿತ್ತು. ಕೊನೆಯ ಸಂಬಳಕ್ಕೆ ಬದಲಾಗಿ ಆಫೀಸಿನ ಸಾಮಾನು ಹಂಚಿದರು. ಶೇಷಾದ್ರಿಗೆ ಒಂದು ಕುರ್ಚಿ ಬಂತು. ಬಹಳ ಬೆಲೆಬಾಳುವ ಕುರ್ಚಿ ಎಂದು ಎಲ್ಲರೂ ಹೇಳಿದರು. ನರಸಮ್ಮನವರು ಅದರ ಮೇಲೆ ಕೂತು ಯಾವುದೋ ಹಿಡಿ ಮುಟ್ಟಿದ್ದೇ ತಡ, ಕುರ್ಚಿ ಸುಯ್ಯೆಂದು ಕೆಳಗಿಳಿಯಿತು.

"ಇದೂ ಇಳೀತು," ಎಂದರು ಅವರು. ಆಮೇಲೆ ಆ ಕುರ್ಚಿಯ ತಂಟೆಗೆ ಹೋಗಲಿಲ್ಲ.

ಶೇಷಾದ್ರಿ ಮಾತ್ರ ಅದರಲ್ಲೇ ಕೂತು ದಿನವೆಲ್ಲ ರೆಸ್ಯೂಮೆ ಕಳಿಸುತ್ತಿದ್ದ. ಬೇ ಏರಿಯಾದಲ್ಲಿ ಅರ್ಧ ಜನ ಆಗ ರೆಸ್ಯೂಮೆ ಕಳಿಸುತ್ತಿದ್ದರು, ಅದನ್ನು ಓದಬೇಕಾಗಿದ್ದವರು ತಮ್ಮದನ್ನು ಬೇರೆ ಕಡೆಗೆ ಕಳಿಸುತ್ತಿದ್ದರು. ನಲವತ್ತನಾಲ್ಕು ವಯಸ್ಸಿನವನನ್ನು ಕರೆಯುವವರಿರಲಿಲ್ಲ. ಈಗ ಆ ಮನೆ ನಿಂತಿದ್ದದ್ದು ಹುಳಿಯ ಮೇಲೆ. ಹುಳಿ ಮಾರಿದರೆ ಬಾಡಿಗೆ. ಬಾಡಿಗೆ ಹೋದರೆ ಸನ್ನಿವೇಲು, ಇಂಚರಾಳ ಸ್ಕೂಲು, ಮುಂದಿನದೆಲ್ಲ. ಹೋಗದಿದ್ದರೆ ಏನು ಎಂಬುದನ್ನು ಶೈಲಜಾ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹದಿಮೂರು ವರ್ಷ ಇದ್ದ ಊರಿನಿಂದ ನಾಲ್ಕು ಸೂಟ್‌ಕೇಸು, ಒಂದು ಕುರ್ಚಿ ಹಿಡಿದು ಯಾವ ಮುಖ ಹೊತ್ತು ಎಲ್ಲಿಗೆ ಹೋಗುವುದೆಂದು ಅವಳಿಗೆ ತಿಳಿಯುತ್ತಿರಲಿಲ್ಲ.

ಹೀಗಿರುವಾಗ ಒಂದು ಸಂಜೆ ಚೆಲುವರಾಜು ದೊಡ್ಡ ಡಬ್ಬಿಯೊಂದನ್ನೇ ಹಿಡಿದು ಬಂದ. ಹುಳಿಯ ಡಬ್ಬಿ ತಂದಿರಲಿಲ್ಲ.

"ಹೊಟ್ಟೆ ಒಂಚೂರು ಅಪ್‌ಸೆಟ್ಟು ಆಂಟಿ. ಇವತ್ತು ಬರೀ ಅನ್ನ ಸಾಕು. ಮನೇಲಿ ಮೊಸರದೆ."

ನರಸಮ್ಮನವರು ಅನ್ನ ಹಾಕಿ, ಮೆಂತ್ಯದ ಪುಡಿ ಮಜ್ಜಿಗೆಯಲ್ಲಿ ಕುಡಿಯಲು ಹೇಳಿದರು. ಮರುದಿನವೂ ಅವನ ಹೊಟ್ಟೆ ಸರಿಯಾಗಲಿಲ್ಲ. ಆ ವಾರದ ಕೊನೆಗೆ ಅವನ ರೂಮಿನ ಉಳಿದವರ ಹೊಟ್ಟೆಯೂ ಕೆಟ್ಟಿತು. ಮುಂದಿನ ವಾರ ಎದುರಿನ ಬಿಲ್ಡಿಂಗಿನ ಹುಡುಗರದು. ಲೇ ಆಫ್ ಎಲ್ಲೆಲ್ಲಿ ಆಗುತ್ತಿತ್ತೋ ಅಲ್ಲಲ್ಲಿ ಹೊಟ್ಟೆ ಕೆಡುತ್ತಿತ್ತು. ಆಮೇಲೆ ಯಾರೂ ಹೊಟ್ಟೆಯ ನೆಪ ಹೇಳುವ ಶ್ರಮ ತೆಗೆದುಕೊಳ್ಳಲಿಲ್ಲ. ತಲೆ ತಗ್ಗಿಸಿ ಬರುವುದು, ಬರೀ ಅನ್ನ ಅಜ್ಜಿ ಎನ್ನುವುದು, ಹಾಕಿಸಿಕೊಳ್ಳುವುದು, ಹೋಗುವುದು. ಮನೆಯಲ್ಲಿ ಉಪ್ಪಿನಕಾಯಿಯೋ ಪುಡಿಯೋ ಇರುತ್ತಿತ್ತು. ಕೆಲಸ ಹೋಗಿ, ವೀಸಾ ಇಂದೋ ನಾಳೆಯೋ ಎಂದು ತೂಗುತ್ತಿದ್ದವರಿಗೆ ಬಿಟ್ಟಿ ಅನ್ನ ಸಿಗುವ ಜಾಗ ಸನ್ನಿವೇಲಿನಲ್ಲಿ ಇದೊಂದೇ. ಸುದ್ದಿ ಫ್ರೀವೇ ದಾಟಿ ಪಕ್ಕದ ಊರಿಗೂ ಹೋಯಿತು. ಹಿಂದೆಂದೂ ನೋಡಿರದ ಮುಖಗಳು ಡಬ್ಬಿ ಹಿಡಿದು ಬಂದವು.

ನರಸಮ್ಮನವರಿಗೆ ಇದರಷ್ಟು ಸಂಭ್ರಮದ ಕಾಲ ಬಂದಿರಲಿಲ್ಲ. ಮೊದಲಿನ ಪಾತ್ರೆ ಸಾಲದೆಂದು, ದೇವಸ್ಥಾನದ ಅಡುಗೆಮನೆಯಿಂದ ದೊಡ್ಡ ಪಾತ್ರೆ ತರಿಸಿಕೊಂಡರು.

"ನೋಡಿದ್ಯಾ ಶೈಲೂ, ಅನ್ನಕ್ಕೆ ಎಷ್ಟು ಜನ!"

"ನೋಡಿದೆ ಅಮ್ಮ. ಹುಳಿಗೆ ನಾಲ್ಕೇ ಜನ."

ಶೇಷಾದ್ರಿ ಕುರ್ಚಿಯಲ್ಲಿ ಅರ್ಧ ಸುತ್ತು ತಿರುಗಿ, ಬಾಗಿಲ ಹೊರಗಿನ ಸಾಲನ್ನು ಬಹಳ ಹೊತ್ತು ನೋಡಿದ. "ಥೇಟ್ ನಮ್ಮ ಕಂಪನಿ," ಎಂದ. "ಗಿರಾಕಿ ಜಾಸ್ತಿ ಆದಷ್ಟೂ ನಷ್ಟ ಜಾಸ್ತಿ. ನಮಗೂ ಕೊನೆ ಕೊನೆಗೆ ಹೀಗೇ ಸಾಲು ನಿಂತಿತ್ತು."

"ನಿಮ್ಮ ಕಂಪನಿ ಏನು ಮಾಡ್ತು ಆಗ?"

"ಕುರ್ಚಿ ಹಂಚ್ತು."

ಶೈಲಜಾಗೆ ನಗು ಬರಲಿಲ್ಲ. ಅಕ್ಕಿಯ ಮೂಟೆಗಳು ಅವಳ ಕಣ್ಣೆದುರೇ ಕರಗುತ್ತಿದ್ದವು. ಎಲ್ ಕಮೀನೋ ರಸ್ತೆಯ ಅಂಗಡಿಯ ಸನಾವುಲ್ಲಾ ಸಾಹೇಬರು ಬೆಂಗಳೂರಿನವರು, ಮೊದಮೊದಲು ಮೂಟೆಗಳನ್ನು ತಾವೇ ಕಾರಿಗೆ ಹೊರಿಸುತ್ತಿದ್ದರು. ಈಗ ಹಳೆಯ ಬಾಕಿ ಎಷ್ಟಾಯಿತಮ್ಮ ಎಂದು ಮೆಲ್ಲಗೆ ಕೇಳಿ, ಆಮೇಲೆ ಹೊರಿಸುತ್ತಿದ್ದರು. ಆ ತಿಂಗಳ ಬಾಡಿಗೆಗೆ ದುಡ್ಡು ಸಾಲಲಿಲ್ಲ. ಮ್ಯಾನೇಜರಿಗೆ ಮುಂದಿನ ವಾರ ಎಂದು ಹೇಳಿ ಬಂದ ಶೈಲಜಾ, ಆ ಸಂಜೆ ನರಸಮ್ಮನವರು ಸ್ಟೂಲಿನ ಮೇಲೆ ಕೂರುವ ಮೊದಲೇ ಅವರ ಮುಂದೆ ನಿಂತಳು.

"ಅಮ್ಮ, ಇವತ್ತಿಂದ ಅನ್ನಕ್ಕೂ ದುಡ್ಡು ತಗೋತೀನಿ. ಒಂದು ಡಬ್ಬಿಗೆ ಒಂದು ಡಾಲರ್."

ನರಸಮ್ಮನವರು ಅವಳ ಮುಖವನ್ನೇ ನೋಡಿದರು. ಬೈಯುತ್ತಾರೆ, ಅಳುತ್ತಾರೆ ಎಂದು ಶೈಲಜಾ ಕಾದಿದ್ದಳು. ಅವರು ಎರಡನ್ನೂ ಮಾಡಲಿಲ್ಲ. ಸೌಟನ್ನು ಪಾತ್ರೆಯ ಮೇಲೆ ಅಡ್ಡವಿಟ್ಟು, ಒಳಗೆ ಹೋಗಿ ರೂಮಿನ ಬಾಗಿಲು ಮುಂದೆ ಮಾಡಿಕೊಂಡರು.

ಸಾಲಿನಲ್ಲಿ ಮೊದಲು ನಿಂತಿದ್ದವನು ಚೆಲುವರಾಜು. ಶೈಲಜಾ ಅವನ ಮುಖ ನೋಡದೆ, ಡಬ್ಬಿ ನೋಡಿಕೊಂಡು ಬೆಲೆ ಹೇಳಿದಳು.

"ಸರಿ ಆಂಟಿ. ನ್ಯಾಯವೇ," ಎಂದ. ಪ್ಯಾಂಟಿನ ಜೇಬು, ಷರಟಿನ ಜೇಬು ಎಲ್ಲ ತಡಕಿ, ನಾಣ್ಯಗಳನ್ನು ಅಂಗೈಯಲ್ಲಿ ಕೂಡಿಸಿ ಕೊಟ್ಟ. ಬೆಚ್ಚಗಿದ್ದವು. ಹಿಂದಿದ್ದವರಲ್ಲಿ ಕೆಲವರು ಕೊಟ್ಟರು, ಕೆಲವರು ಮನೆಯಲ್ಲಿ ಪರ್ಸು ಮರೆತೆವೆಂದು ಹೇಳಿ ಹೋದರು. ಪರ್ಸು ತರಲು ಹೋದವರು ಯಾರೂ ವಾಪಸು ಬರಲಿಲ್ಲ.

ಶೈಲಜಾಗೆ ತನ್ನ ಮೇಲೇ ಅಸಹ್ಯವಾಯಿತು. ಅವಳೇನೂ ತಪ್ಪು ಮಾಡಿರಲಿಲ್ಲ. ಊರಿನಲ್ಲಿ ಎಲ್ಲರೂ ಮಾಡುವುದನ್ನೇ ಮಾಡಿದ್ದಳು, ಅದೂ ಎಲ್ಲರಿಗಿಂತ ಅಗ್ಗಕ್ಕೆ. ಇದನ್ನು ತನಗೆ ತಾನೇ ಹೇಳಿಕೊಂಡಷ್ಟೂ ಅಸಹ್ಯ ಹೆಚ್ಚಾಯಿತು. ಆ ಬೆಚ್ಚಗಿನ ನಾಣ್ಯಗಳನ್ನು ಉಳಿದ ದುಡ್ಡಿನ ಜೊತೆ ಸೇರಿಸಲಾರದೆ ಕಿಟಕಿಯ ಕಟ್ಟೆಯ ಮೇಲೆ ಬೇರೆ ಇಟ್ಟಳು. ಎರಡು ದಿನ ಬಿಟ್ಟು ಇಂಚರಾಳ ಸ್ಕೂಲಿನ ಯಾವುದೋ ಖರ್ಚಿಗೆ ಅವನ್ನೂ ತೆಗೆಯಬೇಕಾಯಿತು.

ಮರುದಿನದಿಂದ ಚೆಲುವರಾಜು ಬರಲಿಲ್ಲ. ಸಾಲು ದಿನದಿಂದ ದಿನಕ್ಕೆ ಚಿಕ್ಕದಾಯಿತು. ಅನ್ನಕ್ಕೆಂದು ಬರುತ್ತಿದ್ದವರ ಜೊತೆಯಲ್ಲಿ ಹುಳಿಗೆ ಬರುತ್ತಿದ್ದ ನಾಲ್ಕು ಜನರೂ ಏಕೋ ಬೇರೆ ಕಡೆ ನೋಡಿಕೊಂಡರು. ಸ್ನೇಹಿತ ಹೋಗದ ಬಾಗಿಲಿಗೆ ತಾವು ಹೇಗೆ ಹೋಗುವುದು ಎಂದಿರಬೇಕು. ಬೆಲೆ ಹಾಕಿ ಬಾಡಿಗೆ ಕೂಡಿಸುತ್ತೇನೆಂದು ಹೊರಟವಳಿಗೆ ಮೊದಲು ಬರುತ್ತಿದ್ದುದೂ ಬರದಂತಾಯಿತು.

ಅನ್ನಕ್ಕೆ ಬೆಲೆ ಬಿದ್ದ ದಿನದಿಂದ ನರಸಮ್ಮನವರು ಮನೆಯಲ್ಲಿ ಅನ್ನ ಮುಟ್ಟಲಿಲ್ಲ. ಬೆಳಿಗ್ಗೆ ಅವಲಕ್ಕಿ, ಮಧ್ಯಾಹ್ನ ಬಾಳೆಹಣ್ಣು, ರಾತ್ರಿ ಹಾಲು. ಮುಖ ಗಂಟು ಹಾಕಿಕೊಳ್ಳಲಿಲ್ಲ, ಮಾತು ಬಿಡಲಿಲ್ಲ. ಹೂವಿನ ಕುಂಡಕ್ಕೆ ನೀರು ಹಾಕುತ್ತಿದ್ದರು, ಟಿ.ವಿ. ನೋಡುತ್ತಿದ್ದರು, ಬಹಳ ಹೊತ್ತು ದೇವರ ಮುಂದೆ ಕೂತಿರುತ್ತಿದ್ದರು. ಸಂಜೆ ಒಂದು ಸಲ ಮಾತ್ರ ಕೇಳುತ್ತಿದ್ದರು: "ಆ ಮಂಡ್ಯದ ಹುಡುಗ ಬಂದಿದ್ನಾ?"

"ಇಲ್ಲಮ್ಮ."

"ಹೂಂ."

ಈ ಹೂಂ ಶೈಲಜಾಗೆ ಕಪಾಳಕ್ಕೆ ಹೊಡೆದಂತಾಗುತ್ತಿತ್ತು. ಒಂದು ದಿನ ತಡೆಯಲಾರದೆ ಗಂಡನ ಮೇಲೆ ಹರಿಹಾಯ್ದಳು. "ನಿಮ್ಮಮ್ಮನಿಗೆ ಒಂದು ಮಾತು ಹೇಳಿ. ಬೈಯೋದಾದ್ರೆ ಬೈಲಿ. ಹೀಗೆ ಅವಲಕ್ಕಿ ತಿಂದು ತಿಂದು ನನ್ನ ಸಾಯಿಸೋದು ಬೇಡ." ಶೇಷಾದ್ರಿ ಹೋಗಿ ತಾಯಿಯ ಮುಂದೆ ಕೂತು, ಅವರ ಜೊತೆ ಒಂದು ಬಾಳೆಹಣ್ಣು ತಿಂದು ಎದ್ದು ಬಂದ.

ಶುಕ್ರವಾರ ಮ್ಯಾನೇಜರ್ ಬಾಗಿಲಿಗೆ ನೋಟೀಸು ಅಂಟಿಸಿ ಹೋದಳು. ಮೂರು ದಿನದೊಳಗೆ ಬಾಡಿಗೆ ಕಟ್ಟಬೇಕು, ಇಲ್ಲವೇ ಜಾಗ ಖಾಲಿ ಮಾಡಬೇಕು. ಇಂಚರಾ ಸ್ಕೂಲಿನಿಂದ ಬಂದವಳು ಅದನ್ನು ಓದಿಕೊಂಡೇ ಒಳಗೆ ಬಂದಳು. "ಆರ್ ವಿ ಮೂವಿಂಗ್?" ಎಂದು ಕೇಳಿದಳು. ಆಮೇಲೆ ತನ್ನ ರೂಮಿಗೆ ಹೋಗಿ ಗೋಡೆಯ ಮೇಲೆ ಅಂಟಿಸಿದ್ದ ಚಿತ್ರಗಳನ್ನು ಒಂದೊಂದಾಗಿ, ಹರಿಯದ ಹಾಗೆ ಬಿಡಿಸತೊಡಗಿದಳು. ಪಕ್ಕದ ಮಂಚದ ಮೇಲೆ ಕೂತಿದ್ದ ನರಸಮ್ಮನವರು ಅದನ್ನು ಕೊನೆಯ ಚಿತ್ರದವರೆಗೂ ನೋಡಿದರು.

ಶನಿವಾರ ಮಧ್ಯಾಹ್ನ ಶೈಲಜಾ ಒಲೆಯ ಮುಂದೆ ಸುಮ್ಮನೆ ನಿಂತಿದ್ದಳು. ಅಭ್ಯಾಸದ ಬಲದಿಂದ ಹುಳಿ ಆಗಿತ್ತು, ಅನ್ನವೂ ಆಗಿತ್ತು. ನರಸಮ್ಮನವರು ಬಂದು ಊಟದ ಮೇಜಿನ ಮುಂದೆ ಕೂತು, ತಟ್ಟೆ ಎಳೆದುಕೊಂಡರು. ಸೆರಗಿನೊಳಗಿಂದ ಅರಿಸಿನದ ಬಟ್ಟೆಯ ಗಂಟೊಂದನ್ನು ತೆಗೆದು ತಟ್ಟೆಯ ಪಕ್ಕದಲ್ಲಿಟ್ಟರು.

"ನನಗೆ ಅನ್ನ ಹಾಕು. ಇದರಲ್ಲಿ ದುಡ್ಡಿದೆ, ಎಣಿಸ್ಕೋ."

ಅದು ಮುಡಿಪು ಎಂದು ನೋಡಿದೊಡನೆ ಶೈಲಜಾಗೆ ಗೊತ್ತಾಯಿತು. ತಿರುಪತಿ ತಿಮ್ಮಪ್ಪನಿಗೆಂದು ಹರಕೆ ಹೊತ್ತು ಕಟ್ಟಿಟ್ಟ ದುಡ್ಡು. ಅದನ್ನು ಬಿಚ್ಚುವುದಿರಲಿ, ಮೈಲಿಗೆಯಲ್ಲಿ ಮುಟ್ಟುವುದನ್ನೂ ಆ ಮನೆಯಲ್ಲಿ ಯಾರೂ ಮಾಡುವಂತಿರಲಿಲ್ಲ. ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

"ಅಮ್ಮ, ಇದು ಸ್ವಾಮಿ ದುಡ್ಡು."

"ಹೌದು. ಶೇಷು ಸ್ವಂತ ಮನೆ ತಗೊಳ್ಳಿ ಅಂತ ಕಟ್ಟಿದ್ದು. ಇಲ್ಲಿಗೆ ಬರುವಾಗ ಹೆಣ್ಣುಮಕ್ಕಳು ಕೈಗಿಟ್ಟಿದ್ದು, ಬಳೆ ಒಂದು ಜೊತೆ ಮಾರಿದ್ದು, ಹಬ್ಬಕ್ಕೆ ಅವನು ಕೊಟ್ಟಿದ್ದು, ಎಲ್ಲ ಡಾಲರ್ ಮಾಡಿಸಿ ಅದರಲ್ಲೇ ಇಟ್ಟಿದ್ದೀನಿ. ಮನೇನೇ ಇಲ್ಲದೆ ಹೋದ್ರೆ ಹರಕೆ ಎಲ್ಲಿ ತೀರಿಸಲಿ?"

"ತಪ್ಪಾಗುತ್ತೆ ಅಮ್ಮ."

"ಇಷ್ಟು ದಿನ ದೇವರ ಮುಂದೆ ಅದನ್ನೇ ಕೇಳ್ತಾ ಕೂತಿದ್ದೆ. ತಿಮ್ಮಪ್ಪನೂ ಸಾಲಗಾರನೇ ಕಣೆ. ಮದುವೆಗೆ ಅಂತ ಕುಬೇರನ ಹತ್ರ ತಗೊಂಡಿದ್ದು ಇನ್ನೂ ಬಡ್ಡಿ ಕಟ್ತಿದ್ದಾನೆ. ಬಾಡಿಗೆ ನೋಟೀಸು ಅಂದ್ರೆ ಅವನಿಗೆ ಬಿಡಿಸಿ ಹೇಳಬೇಕಾ? ಒಪ್ಪಿದ್ದಾನೆ. ಆಮೇಲೆ ಬಡ್ಡಿ ಸಮೇತ ಹಾಕಿದ್ರಾಯ್ತು."

ಅವಲಕ್ಕಿ ತನ್ನ ಮೇಲಿನ ಕೋಪವೆಂದೇ ಶೈಲಜಾ ತಿಳಿದಿದ್ದಳು. "ಮತ್ತೆ ಅನ್ನ ಯಾಕೆ ಬಿಟ್ಟಿದ್ರಿ?" ಎಂದು ಕೇಳಿದಳು.

"ಮಾರೋ ಅನ್ನ ಬಿಟ್ಟಿ ತಿನ್ನೋಕಾಗುತ್ತಾ? ಕೈಯಲ್ಲಿ ಕಾಸಿರಲಿಲ್ಲ, ಅವಲಕ್ಕಿ ತಿಂದೆ," ಎಂದರು ನರಸಮ್ಮನವರು, ಇದಕ್ಕಿಂತ ಸರಳವಾದ ವಿಷಯವಿಲ್ಲ ಎಂಬಂತೆ. "ಮಾರಿದ್ದು ಪಾಪವೇ, ಇಲ್ಲ ಅನ್ನಲ್ಲ. ಆದ್ರೆ ಅದನ್ನ ನೀನೊಬ್ಬಳೇ ಯಾಕೆ ಹೊರಬೇಕು? ಕೊಂಡವಳಿಗೂ ಅರ್ಧ ಬರ್ಲಿ. ಇನ್ಮೇಲೆ ನೀನು ಮಾರೋದು ನನಗೊಬ್ಬಳಿಗೇ. ಇಡೀ ಪಾತ್ರೆ ನಾನೇ ಕೊಂಡ್ಕೋತೀನಿ. ಕೊಂಡ ಮೇಲೆ ಅನ್ನ ನಂದು. ಬಾಗಿಲಲ್ಲಿ ಕೂತು ಯಾರಿಗೆ ಬೇಕಾದ್ರೂ ಹಾಕ್ತೀನಿ. ಕೇಳೋಕೆ ನೀನ್ಯಾರು?"

ಕುರ್ಚಿಯಲ್ಲಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ ಶೇಷಾದ್ರಿ ಎದ್ದು ಬಂದು ತಾಯಿಯ ಕಾಲು ಮುಟ್ಟಲು ಬಗ್ಗಿದ. ಊಟಕ್ಕೆ ಕೂತಾಗ ಕಾಲು ಮುಟ್ಟಬಾರದು ಎಂದು ಅವರು ಗದರಿಸಿದರು. ಗಂಟನ್ನು ಬಿಚ್ಚಿದವನು ಅವನೇ. ನೋಟುಗಳು ಅರಿಸಿನದ ಬಣ್ಣಕ್ಕೆ ತಿರುಗಿದ್ದವು. ಮನೆಯಲ್ಲಿದ್ದುದಕ್ಕೆ ಅದನ್ನು ಸೇರಿಸಿದರೆ ಆ ತಿಂಗಳ ಬಾಡಿಗೆಗೆ ಸಾಕಾಗಿ, ಸನಾವುಲ್ಲಾ ಸಾಹೇಬರಿಗೆ ಸ್ವಲ್ಪ ಕೊಡುವಷ್ಟು ಉಳಿಯುತ್ತಿತ್ತು. ಮುಂದಿನ ತಿಂಗಳಿಗೆ ಏನು ಎಂಬುದು ಯಾರಿಗೂ ಗೊತ್ತಿರಲಿಲ್ಲ, ಯಾರೂ ಕೇಳಲೂ ಇಲ್ಲ. ಹಳದಿ ನೋಟುಗಳನ್ನು ಮ್ಯಾನೇಜರ್ ಬೆಳಕಿಗೆ ಹಿಡಿದು ನೋಡಿದರೆ ಏನು ಹೇಳುವುದು ಎಂದಷ್ಟೇ ಶೇಷಾದ್ರಿ ಯೋಚಿಸುತ್ತಿದ್ದ.

"ಇಂಚರಾ," ಎಂದು ನರಸಮ್ಮನವರು ಕೂಗಿದರು. "ಆ ಮಂಡ್ಯದ ಹುಡುಗನ ಮನೆಗೆ ಹೋಗು. ಸಾಯಂಕಾಲ ಡಬ್ಬಿ ತರಬೇಕಂತೆ, ಅಜ್ಜಿ ಹೇಳಿದ್ರು ಅನ್ನು. ದೊಡ್ಡದು."

"ಓಕೆ ಅಜ್ಜಿ. ಕ್ಯಾನ್ ಐ ಪುಟ್ ಮೈ ಪೋಸ್ಟರ್ಸ್ ಬ್ಯಾಕ್?"

"ಏನಂತೆ?"

"ಚಿತ್ರ ಮತ್ತೆ ಅಂಟಿಸ್ಲಾ ಅಂತಿದ್ದಾಳೆ," ಎಂದ ಶೇಷಾದ್ರಿ.

"ಅಂಟಿಸು. ಹೋಗಿ ಬಂದು ಅಂಟಿಸು."

ಮಗು ಓಡಿತು. ಶೈಲಜಾ ಕಣ್ಣೊರೆಸಿಕೊಂಡು ಅನ್ನದ ಪಾತ್ರೆ ತಂದಳು. ನರಸಮ್ಮನವರ ತಟ್ಟೆಗೆ ಎರಡು ಸೌಟು ಬಡಿಸಿದಳು. ಎಷ್ಟೋ ದಿನದ ಮೇಲೆ ಕಂಡ ಅನ್ನವನ್ನು ಅವರು ಕಣ್ಣಿಗೆ ಒತ್ತಿಕೊಂಡು, ಬೆರಳಿನಿಂದ ಮಧ್ಯದಲ್ಲಿ ಒಂದು ಗುಳಿ ಮಾಡಿದರು. ಶೈಲಜಾ ತುಪ್ಪದ ಮಿಳ್ಳೆ ಎತ್ತಿದಾಗ ಕೈ ಅಡ್ಡ ಹಿಡಿದರು.

"ತುಪ್ಪಕ್ಕೆಷ್ಟು?"

"ತುಪ್ಪಕ್ಕೆ ದುಡ್ಡಿಲ್ಲಮ್ಮ."

"ಬಿಟ್ಟಿಯಾ?"

"ಬಿಟ್ಟಿ."

ನರಸಮ್ಮನವರು ಕೈ ತೆಗೆದು, ಅನ್ನದ ಗುಳಿಯನ್ನು ಇನ್ನಷ್ಟು ಅಗಲ ಮಾಡಿದರು.

"ಹಾಗಾದ್ರೆ ಇನ್ನೆರಡು ಮಿಳ್ಳೆ ಹಾಕು."

ಶೈಲಜಾ ಅಳುತ್ತಲೇ ಹಾಕಿದಳು.